ಮೂರನೇ ಸಲ ಹಾಕಿದ ಮೆಣಸಿನ ಬೀಜ

"ಇದೇನ್ ಮೆಣಸಿನಕಾಯಿಯೋ, ಸೌತಿಕಾಯಿಯೋ?"

ಇದು ನಮ್ಮ ಅವ್ವ ಬೆಂಗಳೂರಿಗೆ ಬಂದ ಮೊದಲನೇ ವಾರ ಹೇಳಿದ ಮಾತು. ನಾನು ಮೊಬೈಲಿನಲ್ಲಿ ಆರ್ಡರ್ ಮಾಡಿ ಹತ್ತು ನಿಮಿಷದಲ್ಲಿ ತರಿಸಿದ ಕಾಲು ಕೆಜಿ ಹಸಿಮೆಣಸಿನಕಾಯಿ ನೋಡಿ, ಒಂದನ್ನ ಕಚ್ಚಿ, ಹೀಗಂದಿದ್ದಳು. ನನಗೆ ಅದೇ ಕಾಯಿ ಕಚ್ಚಿ ಕಣ್ಣಲ್ಲಿ ನೀರು ಬಂದಿತ್ತು, ಆ ಮಾತು ಬೇರೆ ಬಿಡಿ. ಹತ್ತು ವರ್ಷ ಹಾಸ್ಟೆಲ್ಲು, ಪೀಜಿ, ಆಫೀಸ್ ಕ್ಯಾಂಟೀನು ಅಂತ ತಿಂದು ನನ್ನ ನಾಲಿಗೆ ಪೂರ್ತಿ ಬೆಂಗಳೂರಿನದಾಗಿದೆ.

ನಮ್ಮದು ಕುಂದಗೋಳ ತಾಲೂಕಿನ ಒಂದು ಹಳ್ಳಿ. ಸಂಗೀತ ಗೊತ್ತಿರೋರು ಕುಂದಗೋಳ ಅಂದ ಕೂಡಲೇ ಸವಾಯಿ ಗಂಧರ್ವರ ಹೆಸರು ಹೇಳ್ತಾರೆ. ನಮ್ಮಂಥ ಮನೆಯವರಿಗೆ ಕುಂದಗೋಳ ಅಂದ್ರೆ ಎರಿ ಹೊಲ, ಅದರೊಳಗೆ ಉಳ್ಳಾಗಡ್ಡಿ, ಹತ್ತಿ, ಬ್ಯಾಡಗಿ ಮೆಣಸಿನಕಾಯಿ. ಮೂರನ್ನೂ ಒಂದೇ ಹೊಲದಲ್ಲಿ ಹಾಕೋದು ನಮ್ಮ ಕಡೆ ಹಳೇ ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡೀತದೆ ಅನ್ನೋ ಲೆಕ್ಕ. ಬ್ಯಾಡಗಿ ಕಾಯಿ ಒಣಗಿಸಿ ಮಾರೋದಕ್ಕೆ, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮನೆಯಲ್ಲಿ ಹಸಿ ಖಾರ ಕುಟ್ಟೋದಕ್ಕೆ ಅಂತ ಅಪ್ಪ ಬದುವಿನ ಪಕ್ಕ ಒಂದೇ ಒಂದು ಸಾಲು ಬೇರೆ ಗಿಡ ಹಾಕುತ್ತಿದ್ದ. ಅದಕ್ಕೆ ಹೆಸರಿಲ್ಲ. "ಮನಿ ಸಾಲು" ಅಂತಿದ್ವಿ. ಬೆರಳಿನಷ್ಟು ಉದ್ದದ, ಕಡು ಹಸಿರು ಕಾಯಿ. ಅವ್ವ ಸೌತೆಕಾಯಿ ಅಂತ ಬೈದದ್ದು ಆ ಸಾಲನ್ನು ನೆನಪು ಮಾಡಿಕೊಂಡು.

ಅಪ್ಪ ಅವ್ವ ಇಲ್ಲಿಗೆ ಬಂದಿದ್ದು ಖುಷಿಯಿಂದ ಅಲ್ಲ. 2021ರಲ್ಲಿ ಹೊಸ ಜಾತಿಯ ನುಸಿ ಬಂದು ಆಂಧ್ರ, ತೆಲಂಗಾಣದಿಂದ ಹಿಡಿದು ನಮ್ಮ ಕಡೆಯವರೆಗೂ ಮೆಣಸಿನಕಾಯಿ ಬೆಳೆ ಹಾಳಾಯಿತು. ಹೂವಿನೊಳಗೇ ಕೂತು ರಸ ಹೀರುವ ಹುಳು ಅದು, ಔಷಧಕ್ಕೂ ಬಗ್ಗಲಿಲ್ಲ. ಆ ವರ್ಷ ಅಪ್ಪ ಆರು ಸಲ ಔಷಧ ಹೊಡೆದ. ಬಂದದ್ದು ಎರಡೇ ಚೀಲ. 2024ರ ಮಾರ್ಚಿನಲ್ಲಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ದೊಡ್ಡ ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೂ ನೆನಪಿರಬಹುದು. ಅಪ್ಪ ಅದನ್ನು ಟಿವಿಯಲ್ಲಿ ನೋಡಿ, ಏನೂ ಮಾತಾಡದೆ ಟಿವಿ ಆರಿಸಿದನಂತೆ. ಅದೇ ವರ್ಷ ಆಗಸ್ಟಿನಲ್ಲಿ ಹೊಲದಲ್ಲೇ ಎದೆನೋವು ಬಂತು. ಆಪರೇಷನ್ ಆಯ್ತು. ಡಾಕ್ಟರು "ಇನ್ನು ಭಾರದ ಕೆಲಸ ಬೇಡ" ಅಂದರು. ನಾಲ್ಕು ಎಕರೆ ಹೊಲ ದೊಡ್ಡಪ್ಪನ ಮಗನಿಗೆ ಲಾವಣಿಗೆ ಹೋಯಿತು. ಅಪ್ಪ ನನ್ನ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಗೆ ಬಂದ.

ಅಲ್ಲಿ ಕೂತು ಅವನು ನೋಡುತ್ತಿದ್ದದ್ದು ಎದುರಿನ ಅಪಾರ್ಟ್‌ಮೆಂಟಿನ ಗೋಡೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ನಾನೂ ಒಂದು ವಿಷಯ ಅವನಿಂದ ಮುಚ್ಚಿಟ್ಟಿದ್ದೆ. ಹುಬ್ಬಳ್ಳಿಯ ಒಬ್ಬರು ಆ ನಾಲ್ಕು ಎಕರೆ ಕೊಳ್ಳೋದಕ್ಕೆ ನನಗೆ ಫೋನ್ ಮಾಡುತ್ತಿದ್ದರು. ರೇಟು ಚೆನ್ನಾಗಿತ್ತು. ನಾನು ಲೆಕ್ಕ ಹಾಕಿ ನೋಡಿದ್ದೆ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಡೌನ್ ಪೇಮೆಂಟ್ ಆಗಿ, ಅಪ್ಪನ ಔಷಧಕ್ಕೆ ಒಂದಿಷ್ಟು ಉಳೀತಿತ್ತು. "ಕಾರ ಹುಣ್ಣಿಮಿ ಒಳಗ ಹೇಳ್ರಿ ಸರ, ಬಿತ್ತಿಗಿ ಸುರು ಆತಂದ್ರ ಮತ್ತ ಒಂದ್ ವರ್ಷ ಹೋಗ್ತೈತಿ" ಅಂದಿದ್ದರು. ಅಪ್ಪನಿಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ದಿನ ದೂಡುತ್ತಿದ್ದೆ.

ಇಂಥ ಹೊತ್ತಿನಲ್ಲಿ, ಒಂದು ಡಿಸೆಂಬರ್ ಭಾನುವಾರ, ಮನೆಯಲ್ಲೇ ಬೀಜ ಹಾಕಿ ಖಾರದ ಹಸಿಮೆಣಸಿನಕಾಯಿ ಬೆಳೀಬೇಕು ಅಂತ ನನ್ನ ತಲೆಗೆ ಬಂತು. ಅವ್ವನ ಬಾಯಿ ಮುಚ್ಚಿಸೋದಕ್ಕೆ ಅಂತ ಅಂದುಕೊಂಡಿದ್ದೆ. ಅಪ್ಪ ಆ ಗೋಡೆ ಬಿಟ್ಟು ಬೇರೆ ಏನಾದರೂ ನೋಡಲಿ ಅಂತಲೂ ಇತ್ತೇನೋ.

ಮೆಣಸಿನಕಾಯಿ ರೈತನ ಮಗ ನಾನು. ಬೀಜ ಹಾಕೋದು ಎಷ್ಟರ ಕೆಲಸ? :-)

ಮೊದಲ ಸಲ

ಫ್ರಿಜ್ಜಿನಲ್ಲಿದ್ದ ಹಸಿಮೆಣಸಿನಕಾಯಿ ಸೀಳಿ ಬೀಜ ತೆಗೆದು, ಒಂದು ಕುಂಡದ ಮಣ್ಣಲ್ಲಿ ಎರಡು ಇಂಚು ಆಳಕ್ಕೆ ಹಾಕಿ ನೀರು ಹೊಯ್ದೆ. ಆಮೇಲೆ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ. ಅಯ್ಯೋ ದೇವರೇ! ಸಿಂಕಿನ ಮುಂದೆ ನಿಂತು ನೀರು ಹಾಕಿಕೊಂಡಷ್ಟೂ ಉರಿ ಜಾಸ್ತಿಯಾಗ್ತಿದೆ ಅನ್ನಿಸಿತು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗೋದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಕೈಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೀಬೇಕು. ನಾಲಿಗೆಗಾದರೆ ಮೊಸರು, ಹಾಲು. ಇದೆಲ್ಲ ಆಮೇಲೆ ಓದಿಕೊಂಡದ್ದು. ಅವತ್ತು ಅಪ್ಪ ಒಳಗಿಂದ ಒಳ್ಳೆಣ್ಣೆ ಬಾಟ್ಲಿ ತಂದು ಟೇಬಲ್ ಮೇಲಿಟ್ಟು, "ಕೈಗೆ ಹಚ್ಚಿಕೋ" ಅಂತ ಎರಡೇ ಮಾತು ಹೇಳಿ ಮತ್ತೆ ಕುರ್ಚಿಗೆ ಹೋದ.

ಓದಿಕೊಂಡ ಇನ್ನೊಂದು ವಿಷಯ. ಖಾರ ಬೀಜದಲ್ಲಿರುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೀವಲ್ಲ, ಅದು ತಪ್ಪು. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಖಾರ ಹುಟ್ಟೋದು, ಬೀಜಕ್ಕೆ ಅದರಿಂದ ತಾಗಿರುತ್ತೆ ಅಷ್ಟೇ. ಮತ್ತೆ ಹಕ್ಕಿಗಳಿಗೆ ಈ ಖಾರ ಗೊತ್ತೇ ಆಗೋದಿಲ್ಲವಂತೆ. ಹಣ್ಣು ತಿಂದು ಬೀಜವನ್ನು ದೂರ ಹೋಗಿ ಉದುರಿಸುತ್ತವೆ. ನಮ್ಮಂಥ ಪ್ರಾಣಿಗಳು ಬೀಜ ಅಗಿದು ಹಾಳು ಮಾಡ್ತೀವಿ ಅಂತ ಗಿಡ ನಮಗೆ ಮಾತ್ರ ಖಾರ ಇಟ್ಟಿದೆ. ನಾವು ಅದನ್ನೇ ಇಷ್ಟಪಟ್ಟು ತಿನ್ನೋದು ನೋಡಿ ಗಿಡ ಎಷ್ಟು ತಲೆ ಚಚ್ಚಿಕೊಂಡಿರಬೇಕು! ಖಾರ ತಿಂದರೆ ಬಾಯಿ "ಸುಟ್ಟ" ಹಾಗೆ ಯಾಕೆ ಅನ್ನಿಸುತ್ತೆ ಅಂತ ಹುಡುಕಿ, ಬಿಸಿಯನ್ನೂ ಖಾರವನ್ನೂ ಗುರುತಿಸುವ ನರದ ಗ್ರಾಹಕ ಒಂದೇ ಅಂತ ತೋರಿಸಿದ ಡೇವಿಡ್ ಜೂಲಿಯಸ್‌ಗೆ ನೊಬೆಲ್ ಬಂತು. ಯಾವ ವರ್ಷ ಗೊತ್ತಾ? 2021. ನಮ್ಮ ಹೊಲದಲ್ಲಿ ನುಸಿ ಬಿದ್ದ ಅದೇ ವರ್ಷ.

ಇರಲಿ, ಕುಂಡದ ವಿಷಯಕ್ಕೆ ಬರ್ತೀನಿ. ಒಂದು ವಾರ, ಎರಡು ವಾರ, ಮೂರು ವಾರ... ಒಂದು ಬೀಜವೂ ಮೇಲೆ ಬರಲಿಲ್ಲ. ನಾನು ಮಾಡಿದ ತಪ್ಪುಗಳ ಪಟ್ಟಿ ಹೀಗಿದೆ. ಹಸಿಕಾಯಿಯೊಳಗಿನ ಬೀಜ ಬಲಿತಿರೋದಿಲ್ಲ, ಗಿಡದಲ್ಲೇ ಕೆಂಪಗೆ ಹಣ್ಣಾದ ಕಾಯಿಯ ಬೀಜ ಬೇಕು. ಎರಡು ಇಂಚು ಆಳ ಅಂದ್ರೆ ಗೋರಿ, ಅರ್ಧ ಸೆಂಟಿಮೀಟರ್ ಸಾಕು. ಇನ್ನು ಡಿಸೆಂಬರಿನ ಬೆಂಗಳೂರಿನ ರಾತ್ರಿ ಚಳಿ ಹದಿನೈದು ಹದಿನಾರು ಡಿಗ್ರಿ. ಮೆಣಸಿನ ಬೀಜಕ್ಕೆ ಬೇಕಿರೋದು 25ರಿಂದ 30.

ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ನಾನು ಬೀಜ ತೆಗೆಯೋವಾಗಲೇ ನೋಡಿದ್ದ. ಏನೂ ಅನ್ನಲಿಲ್ಲ. ನನಗೆ ಸಿಟ್ಟೇ ಬಂತು.

ಎರಡನೇ ಸಲ

ಜನವರಿಯಲ್ಲಿ ಒಂದು ಪ್ಯಾಕೆಟ್ ಬೀಜ ತರಿಸಿದೆ. ಈ ಸಲ ಪಕ್ಕಾ ಇಂಜಿನಿಯರಿಂಗ್. ಒದ್ದೆ ಟಿಶ್ಯೂ ಪೇಪರಿನಲ್ಲಿ ಬೀಜ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ವೈಫೈ ರೌಟರ್ ಮೇಲಿಟ್ಟೆ. ರೌಟರ್ ಹಗಲೂ ರಾತ್ರಿ ಬೆಚ್ಚಗಿರುತ್ತಲ್ಲ! ಎಕ್ಸೆಲ್ ಶೀಟಿನಲ್ಲಿ ದಿನಾಂಕ, ಉಷ್ಣತೆ, ಮೊಳಕೆ ಎಷ್ಟು ಅಂತ ಕಾಲಂ ಮಾಡಿದೆ. ಒಂಬತ್ತನೇ ದಿನ ಬಿಳಿ ಮೊಳಕೆ ಕಂಡಿತು ನೋಡಿ, ಆಫೀಸಿನ ಮೀಟಿಂಗಿನಲ್ಲಿದ್ದವನು ಕ್ಯಾಮೆರಾ ಆಫ್ ಮಾಡಿ ಕುಣಿದೆ. ಇಪ್ಪತ್ತರಲ್ಲಿ ಹದಿನಾಲ್ಕು ಮೊಳೆತಿದ್ದವು. ಒಂದೊಂದನ್ನೂ ಪೇಪರ್ ಕಪ್ಪಿಗೆ ಹಾಕಿದೆ. ಎರಡೆಲೆ ಬಿಟ್ಟವು. ದಿನಾ ಬೆಳಿಗ್ಗೆ ನೀರು, ಆಫೀಸ್ ಮುಗಿದ ಮೇಲೆ ನೀರು, ಮಲಗೋ ಮುಂಚೆ ಸ್ವಲ್ಪ ನೀರು.

ಒಂದು ಬೆಳಿಗ್ಗೆ ಎದ್ದು ನೋಡ್ತೀನಿ, ಹದಿನಾಲ್ಕರಲ್ಲಿ ಒಂಬತ್ತು ಸಸಿ ಮಣ್ಣಿನ ಹತ್ತಿರ ಸೊಂಟ ಮುರಿದ ಹಾಗೆ ಬಿದ್ದಿವೆ. ಬುಡದಲ್ಲಿ ಕಾಂಡ ದಾರದ ಹಾಗೆ ಸಣ್ಣಗಾಗಿ ಕೊಳೆತಿದೆ. ಎರಡು ದಿನದಲ್ಲಿ ಉಳಿದ ಐದೂ ಹೋದವು.

ಆವತ್ತು ನಾನು ಅಪ್ಪನ ಮೇಲೆ ಕೂಗಾಡಿದೆ. ಬರೆಯೋದಕ್ಕೆ ನಾಚಿಕೆ ಆಗ್ತದೆ, ಆದರೂ ಬರೀತೀನಿ. "ನಲವತ್ತು ವರ್ಷ ಮೆಣಸಿನಕಾಯಿ ಬೆಳೆದಿ. ನಾ ಮಾಡೂದು ತಪ್ಪು ಅಂತ ಗೊತ್ತಿದ್ರೂ ಒಂದ್ ಮಾತು ಹೇಳಾಕ ಬರೂದಿಲ್ಲೇನು ನಿನಗ?"

ಅಪ್ಪ ನಿಧಾನಕ್ಕೆ ನನ್ನ ಕಡೆ ತಿರುಗಿದ. "ನೀ ಕೇಳಿದಿ ಏನು?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀ ಯಾವ್ದು ಕೇಳಿ ಮಾಡ್ತಿ ತಮ್ಮಾ? ಹೊಲದ್ದರ ಕೇಳಿದಿ ಏನು?"

ನನ್ನ ಬಾಯಿ ಕಟ್ಟಿತು. ಹುಬ್ಬಳ್ಳಿಯವರು ಊರಲ್ಲೂ ವಿಚಾರಿಸಿದ್ದರಂತೆ. ದೊಡ್ಡಪ್ಪನ ಮಗ ಎರಡು ತಿಂಗಳ ಹಿಂದೆಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದ. ಎರಡು ತಿಂಗಳು ಅಪ್ಪ ಆ ಕುರ್ಚಿಯಲ್ಲಿ ಕೂತು, ನಾನು ಹೇಳ್ತೀನಾ ಅಂತ ಕಾಯುತ್ತಿದ್ದ. ನಾನು ಒಳಗೆ ಕೂತು ಎಕ್ಸೆಲ್ ಶೀಟ್ ತುಂಬುತ್ತಿದ್ದೆ.

ಅವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ಸಲ

ಸುಮಾರು ಹದಿನೈದು ದಿನ ನಾವಿಬ್ಬರೂ ಮಾತಾಡಲಿಲ್ಲ. ಫೆಬ್ರವರಿ ಮಧ್ಯದಲ್ಲಿ ಒಂದು ಸಂಜೆ ಕೆಲಸ ಮುಗಿಸಿ ನೋಡ್ತೀನಿ, ಲ್ಯಾಪ್‌ಟಾಪಿನ ಮೇಲೆ ಒಂದು ಹಳೇ ಧೋತರದ ಚೂರಿನ ಗಂಟು. ಬಿಚ್ಚಿದರೆ ಬೂದಿ, ಬೂದಿಯೊಳಗೆ ಚಪ್ಪಟೆ ಹಳದಿ ಬೀಜಗಳು.

"ಮನಿ ಸಾಲಿಂದು" ಅಂದಳು ಅವ್ವ ಅಡುಗೆಮನೆಯಿಂದ. "ಬರೋ ಮುಂದ ಟ್ರಂಕಿನಾಗ ಇಟ್ಕೊಂಡು ಬಂದಾನ. ನನಗೂ ಹೇಳಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೊಲ ಲಾವಣಿಗೆ ಕೊಟ್ಟು, ಎತ್ತು ಮಾರಿ, ಎದೆ ಸೀಳಿಸಿಕೊಂಡು ಬೆಂಗಳೂರಿಗೆ ಹೊರಟ ಮನುಷ್ಯ ಟ್ರಂಕಿನಲ್ಲಿ ಬೀಜ ಯಾಕೆ ಇಟ್ಟುಕೊಂಡ? ಬಾಲ್ಕನಿಗೆ ಹೋಗಿ, "ಅಪ್ಪಾ, ಹೆಂಗ್ ಹಾಕೂದು?" ಅಂತ ಕೇಳಿದೆ.

ಅಷ್ಟೇ ಬೇಕಾಗಿತ್ತು ಅಂತ ಕಾಣುತ್ತೆ.

ಅಪ್ಪನ ವಿಧಾನ ಬರೆದಿಡ್ತೀನಿ, ನಿಮಗೂ ಉಪಯೋಗ ಆಗಲಿ. ಬೀಜವನ್ನ ಒಂದು ರಾತ್ರಿ ನೀರಲ್ಲಿ ನೆನೆಸೋದು, ತೇಲಿದ್ದನ್ನು ಬಿಸಾಕೋದು. ಕಪ್ಪಿನ ತಳಕ್ಕೆ ತೂತು ಕಡ್ಡಾಯ. ಮಣ್ಣು, ತೆಂಗಿನ ನಾರಿನ ಪುಡಿ, ಕೊಳೆತ ಗೊಬ್ಬರ ಸಮ ಸಮ. ಒಂದು ಕಪ್ಪಿಗೆ ಎರಡು ಬೀಜ, ಮೇಲೆ ಬೀಜ ಮುಚ್ಚುವಷ್ಟು ಮಾತ್ರ ಮಣ್ಣು. ಮೊಳಕೆ ಬರೋವರೆಗೆ ಬೆಚ್ಚಗಿಡೋದು (ನನ್ನ ರೌಟರ್ ಐಡಿಯಾಕ್ಕೆ ಅಪ್ಪ ಒಪ್ಪಿದ, ಅದೊಂದೇ ನನ್ನ ಹೆಮ್ಮೆ). ಬಂದ ಕೂಡಲೇ ಬಿಸಿಲಿಗೆ, ಇಲ್ಲಾಂದ್ರೆ ಸಸಿ ಉದ್ದಕ್ಕೆ ಬೆಳೆದು ಬೀಳ್ತದೆ. ನೀರು ಹಾಕೋ ಮುಂಚೆ ಬೆರಳಿನ ಒಂದು ಗೆಣ್ಣು ಮಣ್ಣಿಗೆ ಚುಚ್ಚಿ ನೋಡೋದು. ಒಣಗಿದ್ದರೆ ಮಾತ್ರ ನೀರು. "ಮೆಣಸಿನ ಗಿಡ ನೀರಡಿಸಿದ್ರ ಎಲಿ ಜೋಲಿಸಿ ಹೇಳ್ತೈತಿ. ನೀರ್ ಹೆಚ್ಚಾದ್ರ ಹೇಳಾಕ ಅದರ ಕಡೆ ಬಾಯಿ ಇರೂದಿಲ್ಲ" ಅಂದ ಅಪ್ಪ. ನನ್ನ ಹದಿನಾಲ್ಕು ಸಸಿ ನೆನಪಾದವು.

ಎಂಟನೇ ದಿನಕ್ಕೆ ಮೊಳಕೆ. ಇಪ್ಪತ್ತನಾಲ್ಕು ಬೀಜದಲ್ಲಿ ಹದಿನೇಳು. ಐದು ವಾರಕ್ಕೆ ಆರೇಳು ಎಲೆ ಆದ ಮೇಲೆ ಗಟ್ಟಿಮುಟ್ಟಾದ ಐದನ್ನು ಹನ್ನೆರಡು ಇಂಚಿನ ಕುಂಡಗಳಿಗೆ ಬದಲಾಯಿಸಿದೆವು, ಸಂಜೆ ಹೊತ್ತಿನಲ್ಲಿ. ಉಳಿದದ್ದು ವಾಚ್‌ಮನ್ನಿಗೆ, ಪಕ್ಕದ ಮನೆಯವರಿಗೆ. ಗೇಣುದ್ದ ಆದಾಗ ಅಪ್ಪ ಐದೂ ಗಿಡದ ಕುಡಿ ಚಿವುಟಿ ಹಾಕಿದ. ನನಗೆ ಹೊಟ್ಟೆ ಚುರ್ ಅಂತು. ಹತ್ತು ದಿನದಲ್ಲಿ ಪಕ್ಕದಿಂದ ನಾಲ್ಕು ನಾಲ್ಕು ಕವಲು ಹೊಡೆದವು.

ಏಪ್ರಿಲ್ ಮೂರನೇ ವಾರ ಬಿಳಿ ಹೂ ಬಂದವು, ಉದುರಿದವು. ಬಂದವು, ಉದುರಿದವು. ಮಧ್ಯಾಹ್ನದ ಸೆಕೆ ಮೂವತ್ತೈದರ ಹತ್ತಿರ ಹೋದರೆ ಮೆಣಸಿನ ಹೂ ನಿಲ್ಲೋದಿಲ್ಲ. ಅದಕ್ಕೆ ಹೆದರಬೇಕಿಲ್ಲ, ತಂಪಾದರೆ ನಿಲ್ತದೆ. ಹೆದರಬೇಕಾದದ್ದು ಬೇರೆ ಬಂತು.

ಒಂದು ಸಂಜೆ ಅಪ್ಪ ಕುರ್ಚಿಯಲ್ಲಿ ಕೂತವನು ಇದ್ದಕ್ಕಿದ್ದ ಹಾಗೆ ಎದ್ದು ಮೂರನೇ ಕುಂಡದ ಹತ್ತಿರ ಬಗ್ಗಿದ. ಕನ್ನಡಕ ಇರಲಿಲ್ಲ. ಕುಡಿ ಎಲೆಗಳು ಅಂಚು ಮೇಲಕ್ಕೆತ್ತಿ ದೋಣಿಯ ಹಾಗೆ ಮಡಚಿಕೊಂಡಿದ್ದವು. ಎಲೆ ಮೇಲಕ್ಕೆ ಮಡಚಿದರೆ ನುಸಿ, ಕೆಳಕ್ಕೆ ಮಡಚಿದರೆ ಮೈಟ್, ಇದು ನಾನು ಆಮೇಲೆ ಕಲಿತದ್ದು. ಅಪ್ಪ ಒಂದು ಹೂ ಕಿತ್ತು ಅಂಗೈ ಮೇಲೆ ತಟ್ಟಿದ. ಕರೀ ದಾರದ ಚೂರಿನಂಥ, ಕಣ್ಣಿಗೆ ಕಂಡೂ ಕಾಣದಂಥ ಹುಳ ಎರಡು ಓಡಾಡಿದವು.

"ಬಂದಾವ" ಅಂದ. ಧ್ವನಿ ಹೇಗಿತ್ತು ಅಂದ್ರೆ, ಸಾಲ ಕೊಟ್ಟವರು ಮನೆಗೆ ಬಂದಾವರೆ ಅನ್ನೋ ಹಾಗೆ. ಅಂಗೈ ನಡುಗುತ್ತಿತ್ತು. ಹೂವನ್ನು ಚೆಲ್ಲಿ, ಒಳಗೆ ಹೋಗಿ, ಊಟ ಮಾಡದೆ ಮಲಗಿದ.

2021ರಲ್ಲಿ ನಾನು ಹೈದರಾಬಾದಿನ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಿದ್ದೆ. ಊರಲ್ಲೇ, ಅದೇ ಮನೆಯಲ್ಲೇ. ಹೊರಗೆ ಅಪ್ಪ ಆರು ಸಲ ಔಷಧದ ಕ್ಯಾನ್ ಬೆನ್ನಿಗೆ ಹಾಕಿಕೊಂಡು ಹೋದದ್ದು ನೋಡಿದ್ದೆ. ಹೆಡ್‌ಫೋನ್ ಹಾಕಿಕೊಂಡಿದ್ದೆ. "ಬೆಳಿ ಹೋತು" ಅಂದಾಗ, "ಹೋಗ್ಲಿ ಬಿಡಪ್ಪಾ, ನನ್ನ ಸಂಬಳ ಐತಲ್ಲ" ಅಂದಿದ್ದೆ. ಧೈರ್ಯ ಹೇಳ್ತಿದ್ದೀನಿ ಅಂದುಕೊಂಡಿದ್ದೆ ಆಗ. ಅವನಿಗೆ ಹೇಗೆ ಕೇಳಿಸಿತ್ತೋ ಅಂತ ಆ ರಾತ್ರಿ ಮಲಗಿದಲ್ಲೇ ಯೋಚನೆ ಮಾಡಿದೆ.

ಬೆಳಿಗ್ಗೆ ಐದೂವರೆಗೆ ಸದ್ದಾಯಿತು. ಬಾಲ್ಕನಿಯಲ್ಲಿ ಲೈಟು. ಅಪ್ಪ ಕುಂಡದ ಮುಂದೆ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ತಳ ಒರೆಸುತ್ತಿದ್ದ. ಮಗುವಿನ ಮೂಗು ಒರೆಸೋ ಹಾಗೆ. ನಾನೂ ಒಂದು ಬಟ್ಟೆ ತಗೊಂಡು ಪಕ್ಕದಲ್ಲಿ ಕೂತೆ. ಐದು ಗಿಡಕ್ಕೆ ಒಂದೂಕಾಲು ತಾಸು ಹಿಡಿಯಿತು.

"ನಾಲ್ಕ್ ಎಕರೆ ಹಿಂಗ ಒರಸಾಕ ಬರ್ತಿತ್ತೇನ್ ಅಪ್ಪಾ?" ಅಂದೆ.

ಅಪ್ಪ ನಕ್ಕ. ಆಪರೇಷನ್ ಆದಮೇಲೆ ನಾನು ನೋಡಿದ ಮೊದಲ ನಗು ಅದು. "ಬಂದಿದ್ರ ಬಿಡ್ತಿದ್ನೇನ?" ಅಂದ.

ಹುಳ ಬಿದ್ದ ಹೂವು, ಮುಟುರಿದ ಕುಡಿ ಎಲ್ಲ ಕಿತ್ತು ಕವರಿಗೆ ಹಾಕಿ ಕಟ್ಟಿದೆವು. ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಅದು ನೀರಲ್ಲಿ ಬೆರೆಯೋದಕ್ಕೆ ನಾಲ್ಕು ಹನಿ ಸೋಪಿನ ನೀರು, ಐದು ದಿನಕ್ಕೊಮ್ಮೆ ಇಳಿಹೊತ್ತಿನಲ್ಲಿ ಎಲೆಯ ತಳಕ್ಕೆ ಸಿಂಪಡಿಸಿದೆವು. ಮೇ ತಿಂಗಳ ಮಳೆಯೂ ಬಂತು, ತಂಪಾಯಿತು. ಒಂದು ಗಿಡ ಹೋಯಿತು. ನಾಲ್ಕು ಉಳಿದವು. ಹೂ ನಿಂತವು. ನಾಲ್ಕನೇ ಮಹಡಿಯಲ್ಲಿ ಗಾಳಿ ಇದ್ದೇ ಇರುತ್ತೆ, ಆದರೂ ನಾನು ದಿನಾ ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಕವಲುಗಳನ್ನು ಮೆಲ್ಲಗೆ ತಟ್ಟುತ್ತಿದ್ದೆ. ಮೆಣಸಿನ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಅಲ್ಲಾಡಿಸಿದರೆ ಸಾಕು.

ಕಾರ ಹುಣ್ಣಿಮೆಗೆ ಎರಡು ದಿನ ಇದೆ ಅನ್ನುವಾಗ ಅವ್ವ ಮೊದಲನೇ ಕೊಯ್ಲು ಮಾಡಿದಳು. ಮೂವತ್ತೆರಡು ಕಾಯಿ (ಎಕ್ಸೆಲ್ ಶೀಟಿನಲ್ಲಿದೆ!). ಹಂಚಿನ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಹುರಿದಳು. ಆ ಘಾಟಿಗೆ ಮೂರೂ ಜನ ಸೀನಿ ಸೀನಿ ಸಾಕಾಯಿತು, ಎದುರು ಮನೆಯವರು ಬಾಗಿಲು ಬಡಿದು "ಏನಾದ್ರೂ ಸುಟ್ಟು ಹೋಯ್ತಾ?" ಅಂತ ಕೇಳಿದರು. ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಜೋಳದ ರೊಟ್ಟಿ, ಮೊಸರಿನ ಜೊತೆ ಕೊಟ್ಟಳು. ಅಪ್ಪ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. ನಾನು ಒಂದು ತುತ್ತು ತಿಂದು ಮೊಸರಿನ ಪಾತ್ರೆ ಪೂರ್ತಿ ನನ್ನ ಕಡೆ ಎಳೆದುಕೊಂಡೆ.

"ಇದು ಮೆಣಸಿನಕಾಯಿ" ಅಂದಳು ಅವ್ವ.

ಊಟದ ನಡುವೆಯೇ ಫೋನ್ ಬಂತು. ಹುಬ್ಬಳ್ಳಿಯವರು. ನಾನು ಎದ್ದು ಒಳಗೆ ಹೋಗಲಿಲ್ಲ. ಅಲ್ಲೇ ಕೂತು, ಬಾಯಿ ಉರಿಯುತ್ತಿದ್ದರೂ, ಸ್ಪೀಕರ್ ಹಾಕಿ, "ಈ ವರ್ಷ ಬ್ಯಾಡ್ರಿ. ಮುಂದಿಂದು ನಮ್ಮಪ್ಪನ ಕೇಳಿ ಹೇಳ್ತೀನ್ರಿ" ಅಂದೆ.

ಮುಂದೆ ಏನಾಗುತ್ತೋ ಗೊತ್ತಿಲ್ಲ ಕಣ್ರೀ. ನಾಲ್ಕು ಕುಂಡದಲ್ಲಿ ಕಾಯಿ ಬಿಟ್ಟ ಮಾತ್ರಕ್ಕೆ ನಾಲ್ಕು ಎಕರೆ ನಡೆಸ್ತೀನಿ ಅನ್ನೋ ಭ್ರಮೆ ನನಗಿಲ್ಲ. ಬೆಲೆ ಮತ್ತೆ ಬೀಳಬಹುದು, ನುಸಿ ಮತ್ತೆ ಬರಬಹುದು, ಅಪ್ಪನ ಎದೆ ಮೊದಲಿನ ಹಾಗೆ ಆಗೋದಿಲ್ಲ. ಒಂದು ದಿನ ಆ ಹೊಲ ಮಾರಲೇಬೇಕಾಗಬಹುದು. ಮಾರಿದರೆ ಅಪ್ಪ, ಅವ್ವ, ನಾನು ಮೂವರೂ ಕೂತು ಮಾತಾಡಿ ಮಾರ್ತೀವಿ.

ಅಪ್ಪ ಆ ಫೋನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ರೊಟ್ಟಿ ಮುಗಿಸಿ ಕೈ ತೊಳೆದು ಬಾಲ್ಕನಿಗೆ ಹೋದ. ಅಲ್ಲಿಂದಲೇ ಕೂಗಿ ಹೇಳಿದ:

"ತಮ್ಮಾ, ಆ ಎರಡನೇ ಗಿಡದಾಗಿನ ದೊಡ್ಡ ಕಾಯಿ ನಾಲ್ಕ್ ಹರಿಬ್ಯಾಡ್ರಿ. ಹಣ್ಣಾಗ್ಲಿ. ಬೀಜಕ್ಕ ಬೇಕು."